ಸಿದ್ದಮ್ಮ ಕೋಂ ಯಾರು?

ಆಗ ನನಗೆ ಅರವತ್ತೆರಡು ವಯಸ್ಸು. ಈಗ್ಗೆ ಏಳೆಂಟು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ಹೆಂಗಸರಿಗೆ ಮಂಡಿನೋವು ಬರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಸೊಸೆಯ ಮೇಲೆ ಸಿಟ್ಟು ಬರುತ್ತದೆ. ನನಗೆ ಇವು ಯಾವುವೂ ಸರಿಯಾಗಿ ಬರುವ ಮೊದಲೇ ಸಾವು ಬಂದುಬಿಟ್ಟಿತ್ತು. ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. ಎಂದಿನಂತೆ ಎಮ್ಮೆ ಹಾಲು ಕರೆದುಕೊಂಡು, ರಾಗಿ ಬೀಸಿಕೊಂಡು, ಎರಡು ಹೊತ್ತು ಮುದ್ದೆ ಉಂಡುಕೊಂಡು ಇದ್ದೆ. ಪಂಚಾಯ್ತಿ ಎಲೆಕ್ಷನ್ ದಿನ ಇಸ್ಕೂಲಿನೊಳಗೆ ಬೇರೆಯವರು ಹೇಳಿದ ಮೇಲೆಯೇ ನಾನು ಸತ್ತಿದ್ದೇನೆ ಅಂತ ನನಗೆ ತಿಳಿದದ್ದು.

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ ನಮ್ಮ ಯಜಮಾನರಿಂದ. ಅವರು ದಿನಾ ಜಗಲಿಯ ಮೇಲೆ ಕೂತು ಪೇಪರ್ ಓದುತ್ತಾರೆ. ಓದುವುದು ಅವರಿಗಾಗಿ, ಆದರೆ ದನಿ ಮಾತ್ರ ನನಗಾಗಿ. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಓದಬಲ್ಲೆ, ಬರೆಯಬಲ್ಲೆ, ಆದರೆ ಪೇಪರಿನಷ್ಟು ಸಣ್ಣ ಅಕ್ಷರದ ಜೊತೆ ಗುದ್ದಾಡುವಷ್ಟು ಪುರುಸೊತ್ತು ನನಗಿಲ್ಲ. ಮೊನ್ನೆ ಓದಿದರು, ಇನ್ನು ಮುಂದೆ ವೋಟು ಹಾಕಬೇಕಾದರೆ ಫೋಟೋ ಇರುವ ಕಾರ್ಡು ತೋರಿಸಬೇಕು ಅಂತ ದೊಡ್ಡವರೆಲ್ಲ ಮಾತಾಡುತ್ತಿದ್ದಾರಂತೆ. ಓದಿ, ಕನ್ನಡಕ ತೆಗೆದು, "ಒಳ್ಳೇದಾಯ್ತು ಬುಡು, ಇನ್ನು ನಿನ್ನ ತಕರಾರು ಇರಾಕಿಲ್ಲ" ಎಂದರು. ನಾನು ಕೈಯಲ್ಲಿದ್ದ ಮೊರ ಕೆಳಗಿಟ್ಟೆ. ಒಳ್ಳೇದಾಯ್ತಂತೆ! ಫೋಟೋದಿಂದ ನನಗೆ ಏನಾಯ್ತು ಅನ್ನುವುದನ್ನು ಕಣ್ಣಾರೆ ಕಂಡ ಮನುಷ್ಯ, ಅದೂ ಆ ಫೋಟೋವನ್ನು ಸ್ವಂತ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ ಮನುಷ್ಯ ಆಡುವ ಮಾತೇ ಇದು? ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿ ನೀವೇ ಹೇಳಿ.

ಮೊದಲು ನನ್ನ ಹೆಸರಿನ ಕಥೆ ಹೇಳಬೇಕು. ಅದಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ತೌರು ಹಾಲ್ಕುರಿಕೆ. ಅಪ್ಪ ಅವ್ವ ಇಟ್ಟ ಹೆಸರು ಸಿದ್ದಮ್ಮ. ಕೊಟ್ಟದ್ದು ಬಿಳಿಗೆರೆ ಪಕ್ಕದ ಈ ಊರಿಗೆ. ಮದುವೆಯಾಗಿ ಹೊಸಿಲು ದಾಟಿ ಇನ್ನೂ ಎರಡನೇ ಕಾಲು ಒಳಗಿಟ್ಟಿರಲಿಲ್ಲ, ನಮ್ಮತ್ತೆ ಕೇಳಿದರು, "ಏನಮ್ಮಿ ನಿನ್ನ ಹೆಸರು?" ಹೇಳಿದೆ. ಅತ್ತೆಯ ಮುಖ ಹುಳಿ ಮಜ್ಜಿಗೆ ಕುಡಿದವರಂತಾಯಿತು. ಅವರ ಹೆಸರೂ ಸಿದ್ದಮ್ಮ. ನಮ್ಮ ಕಡೆ ಇದೊಂದು ಪದ್ಧತಿ. ಅತ್ತೆಯ ಹೆಸರಿನವಳು ಸೊಸೆಯಾಗಿ ಬಂದರೆ ಸೊಸೆಯ ಹೆಸರು ಬದಲಾಗಬೇಕು. ಯಾಕೆ ಅಂದರೆ ಗಂಡ ಹೆಂಡತಿಯನ್ನು ಕರೆದರೆ ತಾಯಿಯನ್ನು ಹೆಸರು ಹಿಡಿದು ಕರೆದ ಹಾಗಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅತ್ತೆ ಸೊಸೆಯನ್ನು ಬಯ್ಯುವಾಗ ತನ್ನನ್ನೇ ಬಯ್ದುಕೊಂಡ ಹಾಗಾಗುತ್ತದೆ. "ಈ ಮನೇಲಿ ಸಿದ್ದಮ್ಮ ಅಂದ್ರೆ ನಾನೊಬ್ಳೇ. ನೀನು ಇವತ್ತಿಂದ ಪುಟ್ಟಮ್ಮ" ಎಂದರು ಅತ್ತೆ. ಅಷ್ಟೇ. ಅರಿಶಿನದ ನೀರು ಒಣಗುವ ಮೊದಲು ನನ್ನ ಹೆಸರು ಹೋಯಿತು. ಕೂದಲು ನೆರೆತು, ಹಲ್ಲು ಬಿದ್ದು, ಮೊಮ್ಮಕ್ಕಳು ಸೈಕಲ್ ಹೊಡೆಯುವಂತಾದರೂ ಊರಿಗೆಲ್ಲ ನಾನು ಪುಟ್ಟಮ್ಮನೇ.

ಆದರೆ ಒಂದು ಕಡೆ ಮಾತ್ರ ನಾನು ಸಿದ್ದಮ್ಮನಾಗಿ ಉಳಿದಿದ್ದೆ. ಬಹಳ ಹಿಂದೆ, ಮೊದಲನೆಯ ಸಲ ವೋಟಿನ ಪಟ್ಟಿ ಬರೆಯಲು ಬಂದವರು ಜಗಲಿಯಲ್ಲಿ ಕೂತು, "ಮನೇಲಿ ಹೆಂಗಸರು ಯಾರು ಯಾರು?" ಅಂತ ಕೇಳಿದರು. ಮಾವ ಮರುಳಪ್ಪನವರು ಅತ್ತೆಯ ಹೆಸರು ಬರೆಸಿ, "ಇನ್ನೊಬ್ಳು ಸೊಸೆ ಅವ್ಳೆ, ಪುಟ್ಟಮ್ಮ ಅಂತ" ಎನ್ನುವಷ್ಟರಲ್ಲಿ ನಾನು ಬಾಗಿಲ ಹಿಂದಿನಿಂದ "ಸಿದ್ದಮ್ಮ!" ಎಂದು ಕೂಗಿದೆ. ಹೊಸ ಸೊಸೆ ಮಾವನ ಎದುರು ಬಾಯಿ ಬಿಟ್ಟದ್ದು ಆ ಮನೆಯಲ್ಲಿ ಅದೇ ಮೊದಲು. ಬರೆಯುವವರು ಬರೆದುಬಿಟ್ಟರು. ಅತ್ತೆ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟರು. ಅದು ಆ ಮನೆಯಲ್ಲಿ ನಾನು ಕಳೆದ ಅತ್ಯಂತ ನೆಮ್ಮದಿಯ ವಾರ.

ಸರ್ಕಾರದ ಪಟ್ಟಿಯಲ್ಲಿ ಹೆಂಗಸಿನ ಹೆಸರಿನ ಪಕ್ಕ 'ಕೋಂ' ಅಂತ ಬರೆದು ಗಂಡನ ಹೆಸರು ಬರೆಯುತ್ತಾರೆ. ಇಂಥವನ ಹೆಂಡತಿ ಅಂತ ಅರ್ಥವಂತೆ. ಗಂಡಸಿಗಾದರೆ 'ಬಿನ್' ಅಂತ ಬರೆದು ಅಪ್ಪನ ಹೆಸರು. ಇದು ಯಾವ ಭಾಷೆಯೋ ನನಗೆ ಗೊತ್ತಿಲ್ಲ. ಕೋಂ ಅಂದರೆ ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗೆ ಕೇಳುತ್ತದೆ. ಇರಲಿ. ಅತ್ತೆ 'ಸಿದ್ದಮ್ಮ ಕೋಂ ಮರುಳಪ್ಪ', ನಾನು 'ಸಿದ್ದಮ್ಮ ಕೋಂ ರುದ್ರಪ್ಪ'. ಎಲೆಕ್ಷನ್ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ಪಟ್ಟಿ ಹಿಡಿದವನು ಎಲ್ಲರಿಗೂ ಕೇಳುವಂತೆ ನನ್ನ ಹೆಸರು ಕೂಗುತ್ತಿದ್ದ. ಅತ್ತೆ ಮುಖ ಆ ಕಡೆ ತಿರುಗಿಸುತ್ತಿದ್ದರು. ವೋಟು ಯಾರಿಗೆ ಹಾಕಿದೆ, ಅವನು ಗೆದ್ದನೋ ಬಿಟ್ಟನೋ ನನಗೆ ಅಷ್ಟು ನೆನಪಿಲ್ಲ. ಆ ಕೂಗು ಮಾತ್ರ ಚೆನ್ನಾಗಿ ನೆನಪಿದೆ.

ಈಗ ಆ ಸಲದ ಎಲೆಕ್ಷನ್‌ಗೆ ಬರುತ್ತೇನೆ. ಆ ಸಲ ಮಾತ್ರ ವೋಟು ಯಾರಿಗೆ ಅನ್ನುವುದೂ ನನಗೆ ಮುಖ್ಯವಾಗಿತ್ತು. ನಿಂತಿದ್ದವನು ಪರಮೇಶಿ, ನಮ್ಮ ಹಿತ್ತಿಲ ಬೇಲಿಯಾಚೆಯವನು. ಕೊಬ್ಬರಿ ವ್ಯಾಪಾರ. ನಮ್ಮ ಕಡೆ ಕೊಬ್ಬರಿ ಒಡೆದ ಮೇಲೆ ಉಳಿಯುವ ಚಿಪ್ಪನ್ನು ಬಚ್ಚಲ ಒಲೆಗೆ ಹಾಕುತ್ತೇವೆ. ಪರಮೇಶಿ ಹಾಗಲ್ಲ, ಊರಿನ ಚಿಪ್ಪನ್ನೆಲ್ಲ ಕೊಂಡು ತಂದು, ಬೇಲಿಗೆ ಅಂಟಿದಂತೆ ಗುಂಡಿ ತೋಡಿ, ಅದರಲ್ಲಿ ಸುಟ್ಟು ಇದ್ದಿಲು ಮಾಡಿ ಲಾರಿಗೆ ತುಂಬುತ್ತಿದ್ದ. ಗುಂಡಿಗೆ ಬೆಂಕಿ ಬಿದ್ದರೆ ಹೊಗೆ ನೇರ ನಮ್ಮ ಹಿತ್ತಿಲಿಗೆ. ಹಗ್ಗದ ಮೇಲೆ ಹಾಕಿದ ಬಿಳೀ ಪಂಚೆ ಇಳಿಸುವ ಹೊತ್ತಿಗೆ ಬೂದುಗುಂಬಳದ ಬಣ್ಣ. ಯಜಮಾನರು ಮದುವೆ ಮನೆಗೆ ಹೋದರೆ ಜನ ಅವರನ್ನು ಅಡಿಗೆಯವರ ಪಂಕ್ತಿಯಲ್ಲಿ ಕೂರಿಸುತ್ತಿದ್ದರು. ಎಮ್ಮೆ ಕೆಮ್ಮುತ್ತಿತ್ತು. ಎಮ್ಮೆ ಕೆಮ್ಮಿದ್ದನ್ನು ನೀವು ಕೇಳಿದ್ದೀರೋ ಇಲ್ಲವೋ. ಬಸ್ಸು ಏರುದಾರಿಯಲ್ಲಿ ನಿಂತುಹೋದ ಹಾಗೆ ಕೇಳುತ್ತದೆ. ಪರಮೇಶಿಗೆ ಹೇಳಿ ನೋಡಿದೆ. "ಗಾಳಿ ನನ್ನ ಮಾತು ಕೇಳ್ತದಾ ಅಕ್ಕಾ?" ಎಂದು ನಕ್ಕ. ಅವನು ಪಂಚಾಯ್ತಿಗೆ ನಿಂತಾಗ ನಾನು ತೀರ್ಮಾನ ಮಾಡಿದೆ. ಗಾಳಿ ಕೇಳದಿದ್ದರೆ ಬೇಡ, ನನ್ನ ವೋಟಾದರೂ ನನ್ನ ಮಾತು ಕೇಳುತ್ತದೆ. ಇದನ್ನು ಬಾವಿಕಟ್ಟೆಯಲ್ಲೂ ಹೇಳಿದೆ, ಹಿಟ್ಟಿನ ಗಿರಣಿಯಲ್ಲೂ ಹೇಳಿದೆ. ಗುಟ್ಟಿನ ಮತದಾನ ಅನ್ನುತ್ತಾರಲ್ಲ, ಆ ಗುಟ್ಟು ನನಗೆ ಒಗ್ಗಿಲ್ಲ.

ವೋಟಿನ ದಿನ ತಲೆಗೆ ಎಣ್ಣೆ ಹಚ್ಚಿ, ಪೆಟ್ಟಿಗೆಯ ಸೀರೆ ಉಟ್ಟು, ಇಸ್ಕೂಲಿಗೆ ಹೋದೆ. ಹೆಂಗಸರ ಸಾಲು ಉದ್ದವಿತ್ತು. ಒಳಗೆ ಮೇಜಿನ ಹಿಂದೆ ತುರುವೇಕೆರೆ ಕಡೆಯ ಒಬ್ಬ ಮೇಷ್ಟ್ರು ಆಫೀಸರಾಗಿ ಬಂದು ಕೂತಿದ್ದರು. ಪಕ್ಕದ ಬೆಂಚಿನಲ್ಲಿ ಏಜೆಂಟರು. ಪರಮೇಶಿಯ ಕಡೆಯ ಏಜೆಂಟ ಯಾರು ಅಂದರೆ ನಮ್ಮ ಮೈದುನನ ಮಗ ಮಹೇಶ. ನನ್ನ ಕೈತುತ್ತು ಉಂಡು ಬೆಳೆದವನು. ಹಿಂದಿನ ದಿನವೂ ಬಂದು ಅವರೆಕಾಳು ಸಾರು ಸುರಿದುಕೊಂಡು ಹೋಗಿದ್ದ.

"ಹೆಸರು ಹೇಳಿ ಅಮ್ಮ" ಎಂದರು ಮೇಷ್ಟ್ರು.

"ಸಿದ್ದಮ್ಮ" ಎಂದೆ, ಸ್ವಲ್ಪ ಜೋರಾಗಿಯೇ.

ಮೇಷ್ಟ್ರು ಬೆರಳು ಎಳೆಯುತ್ತಾ ಹೋದರು. ಒಂದು ಕಡೆ ನಿಲ್ಲಿಸಿದರು. ಕನ್ನಡಕ ಮೇಲೆ ಮಾಡಿದರು, ಕೆಳಗೆ ಮಾಡಿದರು. "ಸಿದ್ದಮ್ಮ ಕೋಂ ರುದ್ರಪ್ಪ ಅಂತ ಇದೆ. ಆದರೆ ಹೊಡೆದುಹಾಕಿದ್ದಾರಲ್ಲ" ಎಂದರು.

"ಯಾರು ಹೊಡೆದದ್ದು? ಯಾಕೆ?"

ಮೇಷ್ಟ್ರು ನನ್ನ ಮುಖ ನೋಡಲು ಸಂಕೋಚಪಟ್ಟರು. ಮಹೇಶನಿಗೆ ಆ ಸಂಕೋಚ ಇರಲಿಲ್ಲ. ಪಟ್ಟಿಯೊಳಗೆ ಇಣುಕಿ, "ದೊಡ್ಡವ್ವಾ, ಬೇಜಾರ್ ಮಾಡ್ಕಬ್ಯಾಡ ಕಣವ್ವ. ನೀನು ಸತ್ತೋಗಿದೀಯ" ಎಂದ.

ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗಲು ಶುರು ಮಾಡಿದರು. ವಿಷಯ ಹೀಗೆ. ಮೂರು ವರ್ಷದ ಹಿಂದೆ ಅತ್ತೆ ತೀರಿಕೊಂಡಿದ್ದರು. ಸತ್ತವರ ಹೆಸರು ತೆಗೆಯಲು ಬಂದ ಲೆಕ್ಕಿಗನಿಗೆ ಯಾರೋ ಬೀದಿಯಲ್ಲೇ, "ರುದ್ರಪ್ಪನ ಮನೆ ಸಿದ್ದಮ್ಮ ಹೋಗ್ಬುಟ್ಲು" ಎಂದಿದ್ದಾರೆ. ಮಾವ ಸತ್ತ ಮೇಲೆ ಅದು ರುದ್ರಪ್ಪನ ಮನೆಯೇ ತಾನೆ? ಲೆಕ್ಕಿಗ ಪಟ್ಟಿ ನೋಡಿದ, ಸಿದ್ದಮ್ಮ ಕೋಂ ರುದ್ರಪ್ಪ ಅಂತ ಇತ್ತು, ಗೀಟು ಹೊಡೆದ. ಆ ಮನೆಯಲ್ಲಿ ಬದುಕಿದ್ದ ಪುಟ್ಟಮ್ಮನೂ ಒಬ್ಬ ಸಿದ್ದಮ್ಮ ಅಂತ ಊರಿನಲ್ಲಿ ಯಾರಿಗೆ ನೆನಪಿತ್ತು? ಹಾಗಾಗಿ ಮಣ್ಣಿನೊಳಗಿದ್ದ ಅತ್ತೆ ಪಟ್ಟಿಯಲ್ಲಿ ಗುಂಡುಕಲ್ಲಿನ ಹಾಗೆ ಕೂತಿದ್ದರು. ಪೆಟ್ಟಿಗೆಯ ಸೀರೆ ಉಟ್ಟು ಬಂದ ನಾನು ಸತ್ತಿದ್ದೆ. ಸತ್ತ ಮೇಲೂ ಆ ಹೆಂಗಸು ಹೆಸರು ಬಿಟ್ಟುಕೊಟ್ಟಿರಲಿಲ್ಲ!

"ಲೋ ಮಹೇಶ, ನಾನು ಸತ್ತಿದ್ರೆ ನಿನ್ನೆ ನಿಂಗೆ ಸಾರು ಬಡಿಸಿದ್ದು ದೆವ್ವನೇನ್ಲಾ?" ಎಂದೆ.

"ಅದು ಮನೆ ವಿಷ್ಯ ದೊಡ್ಡವ್ವ, ಇದು ಸರ್ಕಾರದ ವಿಷ್ಯ. ನೀನು ಪುಟ್ಟಮ್ಮ ಅಂತ ಊರಿಗೆಲ್ಲ ಗೊತ್ತು. ಪುಟ್ಟಮ್ಮ ಅಂತ ಪಟ್ಟೀಲಿ ಇಲ್ಲ. ನಾನು ತಕರಾರು ಹೇಳ್ಲೇಬೇಕು, ನನ್ನ ಡ್ಯೂಟಿ ಕಣವ್ವ."

ಅವನ ಡ್ಯೂಟಿ ಏನು ಅಂತ ನನಗೆ ಗೊತ್ತಿತ್ತು. ನಾನು ಬಾವಿಕಟ್ಟೆಯಲ್ಲಿ ಆಡಿದ ಮಾತು ಪರಮೇಶಿಯ ಕಿವಿಗೆ ಬಿದ್ದಿತ್ತು. ಮೇಷ್ಟ್ರು ಮಾತ್ರ ಒಳ್ಳೆಯವರು. "ಅಮ್ಮ, ನಾನು ಹೊರಗಿನವನು. ನೀವು ಯಾರು ಅಂತ ನನಗೆ ಹೇಗೆ ಗೊತ್ತಾಗಬೇಕು? ಕೆಲವು ಕಡೆ ಒಬ್ಬನೇ ಬಂದು ಹತ್ತು ಜನ ಸತ್ತವರ ವೋಟು ಹಾಕಿಹೋಗುತ್ತಾನೆ. ಯಾವುದಾದರೂ ಗುರುತು ಇದ್ದರೆ ತೋರಿಸಿ. ಒಂದು ಫೋಟೋ ಆದರೂ ಇದೆಯಾ?" ಎಂದರು.

ನನಗೆ ಮೈಯೆಲ್ಲ ಉರಿಯಿತು. ನಮ್ಮ ತೋಟದ ಕಾಯಿ ಬೇರೆಯವರ ರಾಶಿಯಲ್ಲಿ ಬಿದ್ದಿದ್ದರೂ ನಾನು ಗುರುತು ಹಿಡಿಯುತ್ತೇನೆ. ಒಂದು ಸಲ ಹಾಗೆ ರಾಶಿಗೆ ಕೈ ಹಾಕಿ ನಮ್ಮ ಮೂಲೆ ಮರದ ಕಾಯಿಗಳನ್ನು ಆರಿಸಿ ತಂದಿದ್ದೆ; ಆ ಮರದ ಕಾಯಿಗೆ ತೊಟ್ಟಿನ ಹತ್ತಿರ ಮೂತಿ ಸೊಟ್ಟ. ಆಗ ಯಾರೂ ಕಾಯಿಯ ಫೋಟೋ ಕೇಳಿರಲಿಲ್ಲ. ಕಾಯಿಗಿರುವ ಮರ್ಯಾದೆ ನನಗೆ ಇಲ್ಲವೇ? ಹಿಂದೆ ಒಂದು ಸಾಲು ಹೆಂಗಸರು ನಿಂತಿದ್ದರು. ಅರ್ಧ ಜನರ ಬಾಣಂತನ ಮಾಡಿದವಳು ನಾನು. ಅವರನ್ನು ಕೇಳಿ ಎಂದೆ. ಕೇಳಿದರು. "ಇವ್ರು ಯಾರಮ್ಮ?" ಸಾಲಿಗೆ ಸಾಲೇ ಒಂದೇ ದನಿಯಲ್ಲಿ, "ಪುಟ್ಟಮ್ಮ!" ಎಂದಿತು. ನನ್ನ ಪರವಾಗಿ ಸಾಕ್ಷಿ ಹೇಳಿದ್ದೇವೆ ಅಂತ ಅವರಿಗೆಲ್ಲ ಬಹಳ ಸಂತೋಷ.

ಗಂಡಸರ ಸಾಲಿನಲ್ಲಿ ನಿಂತಿದ್ದ ಯಜಮಾನರು ಆ ಹೊತ್ತಿಗೆ ಗಲಾಟೆ ಕೇಳಿ ಬಂದರು. ಜಗಳ ಅಂದರೆ ಅವರಿಗೆ ಆಗುವುದಿಲ್ಲ. "ಫೋಟೋ ತಾನೇ? ಐತೆ, ಐತೆ, ತತ್ತೀನಿ ಇರಿ" ಎಂದು ಮನೆಗೆ ಓಡಿದರು. ನಾನು ಬೇಡ ಅನ್ನುವಷ್ಟರಲ್ಲಿ ಬೀದಿಯ ತಿರುವು ದಾಟಿದ್ದರು.

ನಮ್ಮ ಮನೆಯಲ್ಲಿ ನಾನಿರುವ ಫೋಟೋ ಅಂತ ಇದ್ದದ್ದು ಒಂದೇ. ಮೈದುನನ ಮದುವೆಯಲ್ಲಿ ತಿಪಟೂರಿನಿಂದ ಸ್ಟುಡಿಯೋದವನು ಬಂದು ತೆಗೆದದ್ದು. ಅತ್ತೆ ಕುರ್ಚಿಯ ಮೇಲೆ ಕೂತಿದ್ದಾರೆ, ಅವರ ಹಿಂದೆ ನಾನು ನಿಂತಿದ್ದೇನೆ. ಆಗ ಅತ್ತೆಗೆ ಅರವತ್ತರ ಸುಮಾರು, ನಾನು ಹುಡುಗಿ. ಅತ್ತೆ ತೀರಿಕೊಂಡ ಮೇಲೆ ಅದಕ್ಕೇ ಕಟ್ಟು ಹಾಕಿಸಿ, ಗಾಜಿನ ಮೇಲೆ ಅವರ ಹಣೆಯ ಜಾಗಕ್ಕೆ ವಿಭೂತಿ ಬಳಿದು, ಹಾರ ಹಾಕಿ ನಡುಮನೆಯಲ್ಲಿ ತೂಗುಹಾಕಿದ್ದೆವು. ಯಜಮಾನರು ಹಾರವನ್ನೂ ತೆಗೆಯದೆ ಹಾಗೇ ಎದೆಗೆ ಅವಚಿಕೊಂಡು ಏದುಸಿರು ಬಿಡುತ್ತಾ ಬಂದರು. ದಾರಿಯಲ್ಲಿ ನೋಡಿದವರು ಯಾರು ಹೋಗಿಬಿಟ್ಟರು ಅಂತ ಕೇಳಿದರಂತೆ.

ಮೇಷ್ಟ್ರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಫೋಟೋ ನೋಡಿದರು, ನನ್ನನ್ನು ನೋಡಿದರು. ಮತ್ತೆ ಫೋಟೋ ನೋಡಿದರು. ಅವರ ಮುಖ ಅರಳಿತು. "ಇನ್ನೇನಮ್ಮ! ಕುರ್ಚಿ ಮೇಲೆ ಕೂತಿರೋರು ನೀವೇ. ಅದೇ ಮೂಗು, ಅದೇ ಮೂಗುಬೊಟ್ಟು, ಅದೇ ಮುಖ ಗಂಟಿಕ್ಕೋದು. ಆದರೆ ಬದುಕಿರುವಾಗಲೇ ಹಾರ ಯಾಕೆ ಹಾಕಿದ್ದಾರೆ? ಹಿಂದೆ ನಿಂತಿರೋ ಹುಡುಗಿ ಯಾರು, ನಿಮ್ಮ ಸೊಸೆಯಾ?"

ನೋಡಿ, ನನಗೆ ಹೊಟ್ಟೆನೋವು ಬಂದಿದೆ, ಚೇಳು ಕಡಿದಿದೆ, ಅಟ್ಟದಿಂದ ಬಿದ್ದು ಸೊಂಟ ಉಳುಕಿದೆ. ಆ ಮಾತಿನಷ್ಟು ಯಾವುದೂ ನೋಯಲಿಲ್ಲ. ಅತ್ತೆಯ ರಕ್ತ ನನ್ನ ಮೈಯಲ್ಲಿ ಒಂದು ಹನಿ ಇಲ್ಲ. ಮೂಗುಬೊಟ್ಟು ಅವರದು, ಒಪ್ಪುತ್ತೇನೆ. ಆದರೆ ಮೂಗು ನನ್ನದು, ಹಾಲ್ಕುರಿಕೆಯಿಂದ ತಂದದ್ದು. "ಆ ಹುಡುಗಿ ನಾನು ಸ್ವಾಮಿ! ಕೂತಿರೋದು ನಮ್ಮತ್ತೆ!" ಎಂದೆ. ಮೇಷ್ಟ್ರು ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು. ನಂಬಿಕೆ ಬರಲಿಲ್ಲ ಅಂತ ಮುಖದಲ್ಲೇ ಗೊತ್ತಾಯಿತು. ಮಹೇಶ ಎದ್ದು ನಿಂತು, "ಇಲ್ಲ ಸಾರ್, ಕೂತಿರೋದು ನಮ್ಮಜ್ಜಿ. ಸತ್ತೋದ್ರು. ನಾನೇ ಮಣ್ಣು ಹಾಕಿದೀನಿ" ಎಂದ. ಒಟ್ಟಿನಲ್ಲಿ ಫೋಟೋ ಪ್ರಕಾರ ನಾನು ಬದುಕಿರುವ ಅತ್ತೆ, ಪಟ್ಟಿಯ ಪ್ರಕಾರ ಸತ್ತಿರುವ ಸೊಸೆ, ಊರಿನ ಪ್ರಕಾರ ಪುಟ್ಟಮ್ಮ.

ಈ ಗೊಂದಲದ ಮಧ್ಯೆ ಮಹೇಶ ಹೊರಗೆ ಹೋಗಿ ಗೇಟಿನ ಹತ್ತಿರ ನಿಂತಿದ್ದ ಪರಮೇಶಿಯ ಜೊತೆ ಪಿಸಪಿಸ ಮಾಡಿ ಬಂದ. ಬಂದವನ ರಾಗವೇ ಬೇರೆಯಾಗಿತ್ತು. ನನ್ನ ಕಿವಿಯ ಹತ್ತಿರ ಬಗ್ಗಿ, "ದೊಡ್ಡವ್ವಾ, ಪರಮೇಶಣ್ಣ ಹೇಳವ್ನೆ, ಅಜ್ಜಿ ಹೆಸ್ರು ಪಟ್ಟೀಲಿ ಹಂಗೇ ಐತಲ್ಲ, ಅದ್ರಲ್ಲಿ ನೀನು ಹಾಕು. ನಾವು ತಕರಾರು ಮಾಡಾಕಿಲ್ಲ. ಆದ್ರೆ ನಮ್ಮ ಗುರ್ತಿಗೇ ಒತ್ಬೇಕು, ಅಷ್ಟೇಯ" ಎಂದ.

ಮೇಷ್ಟ್ರಿಗೂ ಊಟದ ಹೊತ್ತಾಗಿತ್ತು. ಮಹೇಶ ಪಟ್ಟಿಯಲ್ಲಿ ಅಜ್ಜಿಯ ಹೆಸರು ತೋರಿಸಿ, ಏಜೆಂಟರ ತಕರಾರು ಇಲ್ಲ ಅಂದದ್ದೇ ಅವರಿಗೂ ಹಗುರವಾಯಿತು. "ಹಾಗಾದರೆ ಸರಿ. ಅಮ್ಮ, ಹೆಸರು ಸಿದ್ದಮ್ಮ ಅಂದಿರಿ. ಗಂಡನ ಹೆಸರು ಕೇಳುತ್ತೇನೆ. ಮರುಳಪ್ಪ ಅಂತ ಹೇಳಿಬಿಡಿ, ಚೀಟಿ ಕೊಡುತ್ತೇನೆ" ಎಂದರು.

ಯಜಮಾನರು ಫೋಟೋ ಹಿಡಿದುಕೊಂಡೇ ನನ್ನ ಪಕ್ಕ ಸರಿದರು. "ಅಂದ್ಬುಡೇ. ಹ್ಞೂಂ ಅಂದು ಒಳಕ್ಕೆ ಹೋಗಿ ಪರಮೇಶಿಗೆ ಬುಟ್ಟು ಬೇರೇವ್ನಿಗೆ ಒತ್ತು. ತಡಿಕೆ ಹಿಂದೆ ಯಾವನು ನೋಡ್ತಾನೆ?" ಎಂದು ಪಿಸುಗುಟ್ಟಿದರು. ನಿಜ ಹೇಳುತ್ತೇನೆ, ಅವರ ಇಡೀ ಆಯುಸ್ಸಿನಲ್ಲಿ ಅವರಿಗೆ ಹೊಳೆದ ಬುದ್ಧಿವಂತಿಕೆಯ ಮಾತು ಅದೊಂದೇ. ಒಂದು ಗಳಿಗೆ ನನಗೂ ಆಸೆಯಾಯಿತು. ಮೇಜಿನ ಮೇಲೆ ವೋಟಿನ ಚೀಟಿ ಇತ್ತು, ಮಸಿ ಬಾಟಲಿ ಇತ್ತು, ತಡಿಕೆಯ ಹಿಂದೆ ಮುದ್ರೆ ಇತ್ತು. ಪರಮೇಶಿಯ ಹೊಗೆಗೆ ನಾನು ಕೊಡಬೇಕೆಂದಿದ್ದ ಉತ್ತರ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅದಕ್ಕೆ ನಾನು ಕೊಡಬೇಕಾದದ್ದು ಒಂದೇ ಮಾತು.

"ರೀ," ಎಂದೆ, ಪಿಸುಗುಟ್ಟದೆ. "ನಾನು ಮರುಳಪ್ಪನ ಹೆಂಡ್ತಿ ಅಂದ್ರೆ ನಿಮ್ಗೆ ಏನಾಯ್ತೀನಿ, ಲೆಕ್ಕ ಹಾಕಿದೀರಾ?"

ಅವರು ಲೆಕ್ಕ ಹಾಕಿದರು. ಬಾಯಿ ತೆರೆದುಕೊಂಡಿತು.

"ಅವ್ವ ಆಯ್ತೀನಿ. ಸರ್ಕಾರದ ಮುಂದೆ ಇವತ್ತು ಅವ್ವ ಆದ್ರೆ ಮನೇಲೂ ಅವ್ವನೇ. ನಾಳೆಯಿಂದ ನೀವು ನಂಗೆ ಎದುರಾಡಂಗಿಲ್ಲ, ದಿನಾ ಬೆಳಿಗ್ಗೆ ಕಾಲಿಗೆ ಬೀಳ್ಬೇಕು. ಆಯ್ತದಾ?"

ಹೆಂಗಸರ ಸಾಲು ಈ ಸಲ ಸೆರಗು ಅಡ್ಡ ಹಿಡಿಯಲೂ ಇಲ್ಲ. ಮೇಷ್ಟ್ರು ಮೇಜು ತಟ್ಟಿ, "ಸದ್ದು! ಅಮ್ಮ, ಬೇಗ ಹೇಳಿ. ಗಂಡನ ಹೆಸರು?" ಎಂದರು.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿಲ್ಲ. 'ನಮ್ಮವರು', 'ಯಜಮಾನರು', ತೀರ ಅವಸರವಾದರೆ 'ನಮ್ಮ ಹುಡುಗನ ಅಪ್ಪ'. ಅಷ್ಟು ಹೊತ್ತೂ ಆ ಹೆಸರನ್ನು ಮೇಷ್ಟ್ರು ಹೇಳಿದ್ದರೇ ಹೊರತು ನಾನು ಹೇಳಿರಲಿಲ್ಲ. ಅತ್ತೆ ಹೆಸರು ಕಿತ್ತುಕೊಂಡಾಗ ಹೊಸಿಲ ಮೇಲೆ ನನಗೆ ಮಾತು ಬಂದಿರಲಿಲ್ಲ. ಈಗ ಬಂತು. "ನನ್ನ ಹೆಸ್ರು ಸಿದ್ದಮ್ಮ. ನನ್ನ ಗಂಡನ ಹೆಸ್ರು ರುದ್ರಪ್ಪ!" ಎಂದು ಇಸ್ಕೂಲಿನ ಹೆಂಚು ಅದುರುವಂತೆ ಕೂಗಿದೆ.

"ಆಂ?" ಎಂದರು ಯಜಮಾನರು, ಯಾರೋ ಕರೆದರು ಅಂದುಕೊಂಡು.

ಮೇಷ್ಟ್ರು ಪಟ್ಟಿ ಮುಚ್ಚಿದರು. "ನೀವು ಹಾಗೆ ಹೇಳಿದ ಮೇಲೆ ನಾನು ಕೊಡೋ ಹಾಗಿಲ್ಲ ತಾಯಿ. ನೋಡಿ, ಇದಕ್ಕೇ ಹೇಳೋದು, ಎಲ್ಲರಿಗೂ ಫೋಟೋ ಹಾಕಿದ ಕಾರ್ಡು ಕೊಡಬೇಕು ಅಂತ" ಎಂದರು. "ಅದ್ರ ಕೆಳಗೆ ಹೆಸ್ರು ಬರೆಯೋನು ಯಾರು ಸ್ವಾಮಿ? ಆ ಗೀಟು ಹೊಡೆದೋನೇ ತಾನೆ?" ಎಂದೆ. ಅವರು ಸಾಲಿನ ಮುಂದಿನವಳನ್ನು ಕರೆದರು. ಇವತ್ತೂ ನಾನು ಕೇಳುವುದು ಅದನ್ನೇ. ಫೋಟೋ ಸುಳ್ಳು ಹೇಳುವುದಿಲ್ಲ ಅನ್ನುತ್ತಾರೆ. ಸರಿ. ಆದರೆ ಫೋಟೋ ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ. ಅದರ ಪರವಾಗಿ ಹೇಳುವವನು ಕುರ್ಚಿಯಲ್ಲಿ ಕೂತಿರುವವನು. ಆ ಲೆಕ್ಕಿಗನ ಕೈಗೆ ಆಗ ಫೋಟೋ ಕಾರ್ಡು ಬೇರೆ ಸಿಕ್ಕಿದ್ದರೆ ನನ್ನ ಮುಖದ ಕೆಳಗೆ ಕೋಂ ಮರುಳಪ್ಪ ಅಂತ ಬರೆದು, ಮೇಲೆ ಮೊಹರು ಒತ್ತಿ ಕೊಡುತ್ತಿದ್ದ. ಬರೀ ಪಟ್ಟಿಯಲ್ಲಿ ಸತ್ತರೆ ಜಗಳವಾಡಿ ಎದ್ದು ಬರಬಹುದು. ಮೊಹರಿನ ಕೆಳಗೆ ಅತ್ತೆಯಾದರೆ ಎಲ್ಲಿಗೆ ಹೋಗುವುದು? ಸತ್ತವರ ವೋಟು ಹಾಕುವ ಕಳ್ಳನನ್ನು ಹಿಡಿಯಬೇಕು, ಬೇಡ ಅನ್ನುವುದಿಲ್ಲ. ಅವನಿಗೆ ಬೀಸಿದ ಬಲೆಯಲ್ಲಿ ಮೊದಲು ಬೀಳುವವಳು ನನ್ನಂಥವಳು ಅನ್ನುವುದಷ್ಟೇ ನನ್ನ ಮಾತು. ಕಳ್ಳ ಬುದ್ಧಿವಂತ, ಕೇಳಿದ ಕಾರ್ಡನ್ನು ತಂದೇ ತರುತ್ತಾನೆ.

ಬೆರಳಿಗೆ ಮಸಿ ಇಲ್ಲದೆ ಮನೆಗೆ ಬಂದೆ. ಯಜಮಾನರು ತಮ್ಮ ವೋಟು ಹಾಕಿ ಬಂದು ಫೋಟೋವನ್ನು ಮೊಳೆಗೆ ಸಿಕ್ಕಿಸಿದರು. ನಾನು ಅದರ ಕಡೆ ಬೆನ್ನು ಮಾಡಿ ರೊಟ್ಟಿ ತಟ್ಟಿದೆ. ಸಂಜೆ ಎಣಿಕೆ ಮುಗಿದು ಪಟಾಕಿ ಸದ್ದು ಕೇಳಿತು. ಪರಮೇಶಿ ಗೆದ್ದಿದ್ದ. ಒಂದೆರಡು ವೋಟಿನಲ್ಲಲ್ಲ, ಆರಾಮಾಗಿ ಗೆದ್ದಿದ್ದ. ಯಜಮಾನರು ಸಮಾಧಾನ ಹೇಳಲು ಬಂದರು. "ನೀನು ಹಾಕಿದ್ರೂ ಅವ್ನೇ ಗೆಲ್ತಿದ್ದ ಬುಡೇ. ನಿನ್ನ ಒಂದು ವೋಟಿಂದ ಏನಾಯ್ತಿತ್ತು?"

"ಏನೂ ಆಗ್ತಿರ್ಲಿಲ್ಲ. ಆದ್ರೆ ಆಗದೆ ಇರೋದಕ್ಕೂ ಅದು ಪೆಟ್ಟಿಗೇಲಿ ಇರ್ಬೇಕಿತ್ತು" ಎಂದೆ. ಅವರಿಗೆ ಅರ್ಥವಾಗಲಿಲ್ಲ. ರೊಟ್ಟಿ ಮುರಿದುಕೊಂಡು ಉಂಡರು. ಗೆದ್ದ ಖುಷಿಗೆ ಪರಮೇಶಿ ಗುಂಡಿಗೆ ಹೊಸದಾಗಿ ಚಿಪ್ಪು ತುಂಬಿಸಿ ಬೆಂಕಿ ಹಾಕಿಸಿದ್ದ. ಹೊಗೆ ನಿಧಾನವಾಗಿ ಬೇಲಿ ದಾಟಿ ಬಂದು, ಒಂದೊಂದೇ ಪಂಚೆಯನ್ನು ಮಾತಾಡಿಸಿಕೊಂಡು ಹೋಗುತ್ತಿತ್ತು. ಎಮ್ಮೆ ಕೆಮ್ಮಿತು.

ಮಾರನೇ ದಿನ ಬೆಳಿಗ್ಗೆ ಎದ್ದವಳೇ ಬಾವಿಯಿಂದ ನೀರು ಸೇದಿದೆ. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ. ಬೇಲಿಯಲ್ಲಿ ನಾಯಿ ನುಗ್ಗುವ ಜಾಗ ಒಂದಿತ್ತು, ಅದನ್ನು ಸ್ವಲ್ಪ ಅಗಲ ಮಾಡಿಕೊಂಡು ಆಚೆ ಹೋದೆ. ಗುಂಡಿಯ ಮೇಲೆ ಮುಚ್ಚಿದ್ದ ತಗಡು ಸರಿಸಿ ಎರಡು ಕೊಡವನ್ನೂ ಬಗ್ಗಿಸಿದೆ. ಬುಸ್ ಎಂದಿತು. ಮತ್ತೆ ಹೋಗಿ ತಂದೆ, ಮತ್ತೆ ಬಗ್ಗಿಸಿದೆ. ಒಳಗೆ ಒಂದು ಕೆಂಡವೂ ಉಳಿಯದ ಹಾಗೆ ಆದ ಮೇಲೆ ತಗಡನ್ನು ಅಚ್ಚುಕಟ್ಟಾಗಿ ಮುಚ್ಚಿದೆ. ಆ ಸದ್ದಿಗೆ ಪರಮೇಶಿ ಕೊರಳಲ್ಲಿ ಹಿಂದಿನ ದಿನದ ಬಾಡಿದ ಹಾರದ ಸಮೇತ ಹೊರಗೆ ಓಡಿಬಂದ. ಹಬೆ, ಬೂದಿ, ಹೊಗೆ ಎಲ್ಲ ಸೇರಿ ಎದುರಿಗಿದ್ದವರು ಯಾರು ಅಂತ ಅವನಿಗೆ ಕಾಣುವಂತಿರಲಿಲ್ಲ.

"ಯಾವಳೇ ಅದು, ನನ್ನ ಗುಂಡಿಗೆ ನೀರುಯ್ದೋಳು?" ಎಂದು ಕೂಗಿದ.

"ಸಿದ್ದಮ್ಮ ಕೋಂ ರುದ್ರಪ್ಪ!" ಎಂದೆ.

"ಅಕ್ಕಾ, ನೀನಾ? ನಾನು ಕಂಪ್ಲೇಂಟ್ ಕೊಡ್ತೀನಿ ನೋಡ್ತಿರು!"

"ಕೊಡಪ್ಪ, ಧಾರಾಳವಾಗಿ ಕೊಡು. ಹೆಸ್ರು ಸರಿಯಾಗಿ ಬರ್ಸು. ಆಮೇಲೆ ಪಟ್ಟಿ ತೆಗ್ಸಿ ನೋಡು, ಅವಳು ಸತ್ತು ಮೂರು ವರ್ಷ ಆಯ್ತಂತೆ. ನಿಮ್ಮ ಏಜೆಂಟನೇ ಸಾಕ್ಷಿ ಹೇಳವ್ನೆ."

ನಾನು ಖಾಲಿ ಕೊಡ ಎತ್ತಿಕೊಂಡು ರಾಣಿಯ ಹಾಗೆ ತಿರುಗಿ, ಬೇಲಿಯ ಸಂದಿಯಲ್ಲಿ ನಾಯಿಯ ಹಾಗೆ ನುಗ್ಗಿ ಮನೆಗೆ ಬಂದೆ. ಹಿತ್ತಿಲ ಬಾಗಿಲಲ್ಲಿ ಯಜಮಾನರು ಹಲ್ಲುಜ್ಜುತ್ತಾ ನಿಂತಿದ್ದವರು ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದು, "ಯಾರವ್ವ ನೀನು?" ಎಂದರು. ಆಗ ನನ್ನ ಮೈ ನಾನು ನೋಡಿಕೊಂಡೆ. ಪರಮೇಶಿಯ ಹೊಗೆ ಇಡೀ ವರ್ಷ ಬಿದ್ದರೂ ಹತ್ತದಷ್ಟು ಮಸಿ, ತಲೆಯಿಂದ ಕಾಲಿನವರೆಗೆ. ಬೆರಳೊಂದಕ್ಕೆ ಸಾಲದು ಅಂತ ಮೈಗೆಲ್ಲ ಹತ್ತಿತ್ತು. ಸೀಗೆಪುಡಿ ತೆಗೆದುಕೊಂಡು ಬಚ್ಚಲಿಗೆ ಹೋದೆ. ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.